ಅಪ್ಪನ ಸೂಡು

ಅವಳು ಹೇಳುತ್ತಿದ್ದ ಕಥೆಗಳಲ್ಲಿ ಯಾರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. ರಾಜ ಸಾಯಲೇಬೇಕಾಗಿ ಬಂದರೆ ವಯಸ್ಸಾಗಿ ಸಾಯುತ್ತಿದ್ದ, ಇಲ್ಲವೇ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗುತ್ತಿದ್ದ. ರಾಕ್ಷಸ ಕೂಡ ಕೊನೆಗೆ ಹೊಟ್ಟೆನೋವು ಬಂದು ಊರು ಬಿಟ್ಟು ಹೋಗುತ್ತಿದ್ದನೇ ಹೊರತು ಅವನ ತಲೆಯನ್ನು ಯಾರೂ ಕಡಿಯುತ್ತಿರಲಿಲ್ಲ. ಮಕ್ಕಳಿಗೆ ಇಂಥ ಸಪ್ಪೆ ಕಥೆ ಯಾಕೆ ಹೇಳುತ್ತಾಳಪ್ಪ ಎಂದು ಮೊದಮೊದಲು ನನಗೆ ಅನಿಸುತ್ತಿತ್ತು. ಕಳೆದ ತಿಂಗಳು ಡೊಂಬಿವಲಿಯ ಹಳೆಯ ನೆರೆಯವರು ಫೋನು ಮಾಡಿ ಅವಳು ತೀರಿಕೊಂಡ ಸುದ್ದಿ ಹೇಳಿದಾಗ ಮೊದಲು ನೆನಪಾದವನು ಹೊಟ್ಟೆನೋವಿನ ಆ ರಾಕ್ಷಸನೇ. ರಿಸೀವರ್ ಹಿಡಿದುಕೊಂಡೇ ನಕ್ಕೆ, ಆಮೇಲೆ ಅತ್ತೆ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾವು ಡೊಂಬಿವಲಿ ಪೂರ್ವದಲ್ಲಿದ್ದೆವು. ಗಂಡನಿಗೆ ಠಾಣೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ನನಗೆ ಫೋರ್ಟಿನಲ್ಲಿ ಆಫೀಸು. ಬೆಳಿಗ್ಗೆ ಫಾಸ್ಟ್ ಲೋಕಲ್‌ಗೆ ಜೋತುಬಿದ್ದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಗಳನ್ನು ನೋಡಿಕೊಳ್ಳಲು ಅತ್ತೆಯನ್ನು ಕರೆಸೋಣವೆಂದರೆ ಅವರು ಉಡುಪಿಯ ಆಚೆ ಲೋಕವೇ ಇಲ್ಲ ಎಂದು ತಿಳಿದವರು. ಹಾಗಾಗಿ ನಮಗೆ ಪಾಳಣಾಘರವೇ ಗತಿ. ಗಂಡ ಹೆಂಡತಿ ಇಬ್ಬರೂ ರೈಲು ಹತ್ತುವ ಆ ಊರಿನಲ್ಲಿ ಮಕ್ಕಳನ್ನು ಹಗಲಿಡೀ ಇಟ್ಟುಕೊಳ್ಳುವ ಮನೆಗಳು ಗಲ್ಲಿಗೊಂದರಂತೆ ಇದ್ದವು. ಮರಾಠಿಯಲ್ಲಿ ಅವಕ್ಕೆ ಆ ಹೆಸರು. ನಮ್ಮ ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲಿ ಅದನ್ನು ನಡೆಸುತ್ತಿದ್ದವಳು ಇವಳು.

ವಿಜಾಪುರ ಜಿಲ್ಲೆಯ ಗಡಿಯ ಊರಿನವಳು. ಒಬ್ಬನೇ ಮಗ, ಆಗ ಹತ್ತು ಹನ್ನೊಂದರ ಹುಡುಗ, ಮರಾಠಿ ಶಾಲೆಗೆ ಹೋಗುತ್ತಿದ್ದ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವನ ಉತ್ತರ ಯಾವಾಗಲೂ ಮರಾಠಿಯಲ್ಲೇ. ನನ್ನನ್ನೂ ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಗೋಡೆಯ ಮೇಲೆ ಗಂಡನ ಫೋಟೋ ಇತ್ತು. ಮಗ ಎರಡು ವರ್ಷದವನಿದ್ದಾಗ ಗಂಡ ಜ್ವರ ಬಂದು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹೋದ ಎಂದು ಹೇಳುತ್ತಿದ್ದಳು. ಮಗನಿಗೂ ಅದನ್ನೇ ಹೇಳಿದ್ದಳು. ಮಕ್ಕಳೆಲ್ಲ ಅವಳನ್ನು ಅವ್ವಾ ಎನ್ನುವುದನ್ನು ಕೇಳಿ ಮರಾಠಿ ತಾಯಂದಿರು ಅದೇ ಅವಳ ಹೆಸರು ಎಂದುಕೊಂಡು ‘ಅವ್ವಾಬಾಯಿ’ ಎಂದು ಕರೆಯುತ್ತಿದ್ದರು. ಅವಳು ತಿದ್ದಲಿಲ್ಲ. ತಿದ್ದುವುದರಲ್ಲಿ ಅವಳಿಗೆ ನಂಬಿಕೆಯೂ ಇರಲಿಲ್ಲ ಎನ್ನಿ. ಮಕ್ಕಳು ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡರೆ, ನಡೆಯುವಾಗ ತಾವೇ ತಿಳಿದುಕೊಳ್ಳುತ್ತವೆ ಬಿಡ್ರಿ ಎನ್ನುತ್ತಿದ್ದಳು.

ನಮ್ಮಿಬ್ಬರದೂ ಕನ್ನಡವೇ ಆದರೂ ಮೊದಲ ಆರು ತಿಂಗಳು ಒಬ್ಬರಿಗೊಬ್ಬರು ಅರ್ಧ ಅರ್ಥವಾಗುತ್ತಿದ್ದೆವು. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವಳು ನಾನು. “ನೀವು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಕ್ಕೈತ್ರಿ,” ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ನನ್ನ ಮಗಳು ಅವಳ ರೊಟ್ಟಿ, ಶೇಂಗಾ ಹಿಂಡಿ ತಿಂದು ತಿಂದು ಕಡೆಗೆ ನನ್ನ ನೀರುದೋಸೆಯನ್ನು ‘ಒದ್ದೆ ಕಾಗದ’ ಎಂದು ತಳ್ಳತೊಡಗಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಕಥೆ ಹೇಳುವಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಮಗುವಿನ ತಲೆಗೆ ಎಣ್ಣೆ ತಿಕ್ಕುತ್ತಲೋ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೋ ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿ ಹೇಳುತ್ತಿದ್ದಳು. ಭಯ ಹುಟ್ಟುವ ಜಾಗ ಬಂದಾಗ ನಿಲ್ಲಿಸಿ, ಮುಂದೆ ಹೇಳಲೋ ಬೇಡವೋ ಎಂದು ಮಕ್ಕಳನ್ನೇ ಕೇಳುತ್ತಿದ್ದಳು. ಒಂದು ಮಗು ಬೇಡ ಎಂದರೂ ಸಾಕು, ಹುಲಿ ಅಲ್ಲೇ ತಿರುಗಿ ನೀರು ಕುಡಿಯಲು ಹೊರಟುಹೋಗುತ್ತಿತ್ತು.

ಆಗ ಮನೆಮನೆಗೆ ಕೇಬಲ್ ಬಂದಿತ್ತು. ಮಧ್ಯಾಹ್ನದ ಹಿಂದಿ ಸಿನಿಮಾಗಳಲ್ಲಿ ಹತ್ತಕ್ಕೆ ಎಂಟರದು ಒಂದೇ ಕಥೆ: ಹೆಸರುಗಳು ಬರುವ ಮೊದಲೇ ಅಪ್ಪನ ಕೊಲೆ, ಅದನ್ನು ಬಾಗಿಲ ಸಂದಿನಿಂದ ನೋಡುವ ಮಗ. ಆ ಮಗ ಓಡುತ್ತಾನೆ, ಓಡುತ್ತಿದ್ದ ಪುಟ್ಟ ಕಾಲುಗಳು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ದೊಡ್ಡ ಕಾಲುಗಳಾಗುತ್ತವೆ, ಆಮೇಲೆ ಸೇಡು. ನಾನು ರಜೆಯ ದಿನ ಕೆಳಗೆ ಹೋದಾಗ ಒಮ್ಮೆ ಅಂಥದ್ದೊಂದು ನಡೆಯುತ್ತಿತ್ತು. ಅವಳ ಮಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವಳು ಟೀವಿಯ ಬಟನ್ ಒತ್ತಿ ಆರಿಸಿ ನನ್ನ ಕಡೆ ತಿರುಗಿ, “ಕಾಲು ದೊಡ್ಡವು ಆಗೂತನಾ ಅಂವಗ ಕೂಳು ಹಾಕಿದಾಕಿ ಎಲ್ಲಿ ಹ್ವಾದ್ಳ್ರೀ? ಆಕೀನ್ನ ತೋರ್ಸೂದೇ ಇಲ್ಲ,” ಎಂದಳು. ತಮಾಷೆಗೆ ಹೇಳಿದಳು ಎಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ.

ಒಂದು ಸಂಜೆ ಮಗಳು ಊಟ ಮಾಡುತ್ತ ಹೊಸ ಕಥೆ ಹೇಳಿದಳು. ಒಬ್ಬ ರೈತ ಜೋಳ ಕೊಯ್ದು, ಸೂಡು ಕಟ್ಟಿ, ಕಣಕ್ಕೆ ಸಾಗಿಸುವ ಮೊದಲೇ ತೀರಿಕೊಂಡ. ಸೂಡುಗಳು ಹೊಲದಲ್ಲೇ ಉಳಿದವು. ಮಗ ದೂರದ ಊರಿನಲ್ಲಿ ಬೆಳೆದು ದೊಡ್ಡವನಾದ. ಊರವರೆಲ್ಲ ಬಂದು, ಅಪ್ಪನ ಸೂಡು ತಗೋ, ಅಪ್ಪನ ಸೂಡು ತಗೋ ಎಂದರು. ಅವನು ಹೋಗಿ ಒಂದೊಂದೇ ಸೂಡನ್ನು ತಲೆಯ ಮೇಲೆ ಹೊತ್ತು ಕಣಕ್ಕೆ ತಂದ, ರಾಶಿ ಮಾಡಿದ, ಇಡೀ ಊರಿಗೆ ಊಟ ಹಾಕಿದ. ಅಪ್ಪನ ಜೊತೆ ಜಗಳ ಆಡಿದವರಿಗೂ ಹಾಕಿದ. ಅಷ್ಟು ವರ್ಷ ಆ ಜೋಳವನ್ನು ಇಲಿ ತಿನ್ನಲಿಲ್ಲವಾ ಎಂದು ನಾನು ಕೇಳಿದೆ. ಗುಬ್ಬಿಗಳು ಕಾವಲಿದ್ದವಂತೆ.

ಸೂಡು ಎಂದರೆ ಕೊಯ್ದ ಪೈರಿನ ಕಟ್ಟು. ನಮ್ಮ ಕಡೆ ಸೂಡಿ ಎನ್ನುತ್ತೇವೆ. ಆದರೆ ಮರಾಠಿಯಲ್ಲಿ ಸೂಡ್ ಎಂದರೆ ಸೇಡು. ‘ಸೂಡ್ ಘೇ’ ಎಂದರೆ ಸೇಡು ತೀರಿಸಿಕೋ. ಎಲ್ಲೋ ಕೇಳಿದ ಸೇಡಿನ ಕಥೆಯನ್ನು ಈ ಪುಣ್ಯಾತ್ಗಿತ್ತಿ ಜೋಳದ ಕಥೆ ಮಾಡಿದ್ದಾಳೆ ಎಂದು ಹೊಳೆದು ನನಗೆ ನಗು ತಡೆಯಲಾಗಲಿಲ್ಲ. ಭಾನುವಾರ ಕೆಳಗೆ ಹೋಗಿ, “ಸೂಡ್ ಅಂದ್ರೆ ಇಲ್ಲಿ ಸೇಡು ಮಾರಾಯ್ತಿ, ಜೋಳದ ಕಟ್ಟಲ್ಲ,” ಎಂದೆ.

ಅವಳು ಮೊರವನ್ನು ಕೆಳಗಿಟ್ಟಳು. ಹಿಂದೊಮ್ಮೆ ಮಗ ಶಾಲೆಯ ಪಾಠ ಗಟ್ಟಿಯಾಗಿ ಓದುತ್ತಿದ್ದನಂತೆ. ಯಾವನೋ ರಾಜಕುಮಾರ ತಂದೆಯ ಸೂಡ್ ತೆಗೆದುಕೊಂಡ ಎಂಬ ಪಾಠ. ಅವಳಿಗೆ ಆಗ ಪುಸ್ತಕದ ಮರಾಠಿ ಅಷ್ಟಕ್ಕಷ್ಟೇ. ಒಬ್ಬನಾದರೂ ಮಗ ಅಪ್ಪನ ಬೆಳೆಯನ್ನು ಮನೆಗೆ ತಂದನಲ್ಲ ಎಂದು ಸಂತೋಷಪಟ್ಟು ಅದನ್ನೇ ಮಕ್ಕಳಿಗೆ ಹೇಳತೊಡಗಿದಳು. “ಆಮ್ಯಾಲ ತಿಳೀತ್ರಿ. ತಿಳದ ಮ್ಯಾಲೂ ಬದಲ ಮಾಡ್ಲಿಲ್ಲ. ಅವರ ಸೂಡಕ್ಕಿಂತ ನಂದ ಚಲೋ ಐತಿ.”

ಹೀಗೆ ಹೇಳಿ ಎದ್ದು ಬಾಗಿಲು ಹಾಕಿಕೊಂಡು ಬಂದಳು. ಮಗ ಕ್ರಿಕೆಟ್ ಆಡಲು ಹೋಗಿದ್ದ. ಗಂಡ ಜ್ವರದಿಂದ ಸತ್ತವನಲ್ಲ ಎಂದು ಅವಳು ಹೇಳಿದ್ದು ಅಂದು. ಹೊಲದ ಬದುವಿನ ಜಗಳದಲ್ಲಿ ದಾಯಾದಿಗಳ ಮನೆಯವನು ಹಾಡುಹಗಲು ಕಡಿದು ಹಾಕಿದ್ದ. ಕೊಂದವನು ಜೈಲಿನಲ್ಲಿದ್ದ. ಅವನು ಬಿಡುಗಡೆಯಾಗಿ ಬರುವಷ್ಟರಲ್ಲಿ ಇವಳ ಮಗ ಪ್ರಾಯಕ್ಕೆ ಬರುತ್ತಾನೆ, ಲೆಕ್ಕ ಚುಕ್ತಾ ಮಾಡುತ್ತಾನೆ ಎಂದು ಗಂಡನ ಮನೆಯವರು ಹೆಣ ಎತ್ತುವ ಮೊದಲೇ ಮಾತಾಡಿಕೊಂಡಿದ್ದರು. ತೊಟ್ಟಿಲಲ್ಲಿದ್ದ ಮಗುವಿನ ಮುಂದೆಯೇ ಆ ಮಾತು ನಡೆದಿತ್ತು. ಅದನ್ನು ಕೇಳಿ ಮಗನನ್ನು ಎತ್ತಿಕೊಂಡು ರೈಲು ಹತ್ತಿದವಳು ಇಳಿದದ್ದು ಡೊಂಬಿವಲಿಯಲ್ಲಿ. ಮಗನಿಗೆ ಮದುವೆಯಾಗಿ, ಅವನಿಗೊಂದು ಮಗುವಾದ ಮೇಲೆ ನಿಜ ಹೇಳುತ್ತೇನೆ ಎಂದಳು. ಮಗು ಎತ್ತಿಕೊಂಡ ಕೈ ಕೊಡಲಿ ಹಿಡಿಯುವ ಮೊದಲು ಯೋಚನೆ ಮಾಡೀತು ಎಂಬುದು ಅವಳ ಲೆಕ್ಕಾಚಾರ. ಅಲ್ಲಿಯವರೆಗೆ ಅವನ ಕಿವಿಗೆ ಅದು ಬೀಳಬಾರದು. ಇಷ್ಟೇ ಅವಳ ಬದುಕಿನ ಹಟವಾಗಿತ್ತು.

ಅಪಾಯ ಬರುತ್ತಿದ್ದುದು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ವಿಳಾಸ ಹುಡುಕಿಕೊಂಡು ಬರತೊಡಗಿದ್ದ ಅವಳ ಮೈದುನನ ರೂಪದಲ್ಲಿ. ಕೆಟ್ಟ ಮನುಷ್ಯ ಎಂದು ಹೇಳಲು ನನಗೆ ಬಾಯಿ ಬಾರದು. ಜೋಳದ ಚೀಲ ಹೊತ್ತು ತರುತ್ತಿದ್ದ, ಪಾಳಣಾಘರದ ಮಕ್ಕಳನ್ನೆಲ್ಲ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ, ಅಣ್ಣನ ಫೋಟೋದ ಮುಂದೆ ನಿಂತು ಗಂಡಸು ಎಂಬ ಸಂಕೋಚವಿಲ್ಲದೆ ಅಳುತ್ತಿದ್ದ. ಆದರೆ ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ. ಮಕ್ಕಳು ಕೇಳಿದರೆ ದೇವರ ಹರಕೆ ಎನ್ನುತ್ತಿದ್ದ. ಅಣ್ಣನ ರಕ್ತಕ್ಕೆ ಉತ್ತರ ಕೊಡುವವರೆಗೆ ಮೆಟ್ಟು ಮೆಟ್ಟುವುದಿಲ್ಲ ಎಂಬ ಹರಕೆ ಅದು. ಬಂದವನೇ ಹುಡುಗನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿ, “ಎಷ್ಟ ಆಗೀದಿ ನೋಡೂಣು ಬಾ,” ಎಂದು ಅಂಗೈಯಿಂದ ಎತ್ತರ ನೋಡುತ್ತಿದ್ದ. ಹುಡುಗನಿಗೆ ಅದು ಆಟ. ಅವಳು ಒಳಗೆ ಒಲೆಯ ಮುಂದೆ ತುಟಿ ಕಚ್ಚಿ ನಿಂತಿರುತ್ತಿದ್ದಳು. ಮೈದುನ ಇರುವಷ್ಟು ದಿನ ಹುಡುಗನನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ, ಹಾಲು ತರಲು ಹೋದರೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು.

ಹೀಗೆ ಏಳೆಂಟು ವರ್ಷ ದಾಟಿಸಿದಳು. ಹುಡುಗ ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಮೈದುನ ಮತ್ತೆ ಬಂದ. ಕೊಂದವನು ಶಿಕ್ಷೆ ಮುಗಿಸಿ ಊರಿಗೆ ಬಂದಿದ್ದ. ಈ ಸಲ ಚೌಕಟ್ಟಿನ ಹತ್ತಿರ ನಿಲ್ಲಿಸಿ ನೋಡಲಿಲ್ಲವಂತೆ. ನೋಡುವ ಅಗತ್ಯವೇ ಇರಲಿಲ್ಲ, ಹುಡುಗ ಅವನಿಗಿಂತ ಎತ್ತರ ಬೆಳೆದಿದ್ದ.

ಅದು ಭಾನುವಾರ. ಅವಳು ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಇಬ್ಬರೂ ಮನೆಯಲ್ಲಿರಲಿಲ್ಲ. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಕಾಕಾನ ಜೊತೆ ಊರಿಗೆ ಹೋಗುತ್ತೇನೆ, ಕಲ್ಯಾಣದಲ್ಲಿ ಗಾಡಿ ಹಿಡಿಯಬೇಕು ಎಂದು ಪಕ್ಕದ ಮನೆಯಲ್ಲಿ ಹೇಳಿ ಹೋಗಿದ್ದನಂತೆ. ಅವಳು ನನ್ನ ಬಾಗಿಲು ಬಡಿದಾಗ ಕೈಯೆಲ್ಲ ಹಿಟ್ಟು. “ಹೇಳ್ಯಾನ್ರಿ ಅಂವ. ಕಲ್ಯಾಣಕ್ಕ ಬರ್ರಿ ನನ್ನ ಕೂಡ,” ಎಂದಳು. ನಾನು ಉಟ್ಟ ಸೀರೆಯಲ್ಲೇ ಹೊರಟೆ.

ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಒಂದೇ ಸ್ಟೇಷನ್. ಅಷ್ಟು ದೂರವೂ ಅವಳು ಕೂರಲಿಲ್ಲ, ಬಾಗಿಲ ಕಂಬ ಹಿಡಿದು ನಿಂತಿದ್ದಳು. ಸೊಲ್ಲಾಪುರದ ಕಡೆಯ ಗಾಡಿ ಬರುವ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಹುಡುಗನ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಫೋಟೋ. ತಾಯಿಯನ್ನು ನೋಡಿ ಎದ್ದು ನಿಂತ. ಬೈಯಲಿಲ್ಲ, ಕೂಗಲಿಲ್ಲ. “ತೂ ಖೋಟಂ ಬೋಲಲೀಸ್,” ಎಂದ. ನೀನು ಸುಳ್ಳು ಹೇಳಿದೆ.

“ಹೌದು,” ಎಂದಳು. “ಇನ್ನೂ ಒಂದು ಐತಿ. ಅದನ್ನೂ ಕೇಳಿ ಹೋಗು.”

ಮೈದುನ, “ವೈನಿ, ಬ್ಯಾಡ,” ಎಂದು ಅತ್ತಿಗೆಯನ್ನು ತಡೆಯಲು ಎದ್ದ. ಅವಳು ಅವನ ಕಡೆ ನೋಡಲೇ ಇಲ್ಲ.

“ನಿಮ್ಮಪ್ಪನ್ನ ಕಡದಾಂವ ಯಾರು ಗೊತ್ತೇನು? ಹದಿನೆಂಟು ವರ್ಷದ ಹುಡುಗ. ಅವರಪ್ಪನ್ನ ನಿಮ್ಮಪ್ಪ ಕಡದಿದ್ದ, ಬದುವಿನ ಸಲುವಾಗಿ. ಸಾಕ್ಷಿ ಹೇಳಾಕ ಯಾರೂ ಬರಲಿಲ್ಲ, ಕೋರ್ಟಿನಾಗ ಬಿಟ್ರು. ಆ ಹುಡುಗ ಸಣ್ಣಾಂವ ಇದ್ದ, ದೊಡ್ಡಾಂವ ಆಗೂತನಾ ಕಾದ. ನಿಮ್ಮಪ್ಪನ್ನ ಕಡದು ಅಲ್ಲೇ ಕುಂತ, ಓಡಲಿಲ್ಲ. ಅಳಾಕತ್ತಿದ್ದ. ನಾ ಅವನ ಮಾರಿ ನೋಡೀನಿ. ನಿನ್ನಂಗ ಇದ್ದ.”

ನನಗೂ ಅದು ಗೊತ್ತಿರಲಿಲ್ಲ. ಅವಳು ಅಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ್ದು ಬರೀ ಒಂದು ಕೊಲೆಯ ಸುದ್ದಿಯನ್ನಲ್ಲ, ಗಂಡನ ಹೆಸರನ್ನು. ಮಗನಿಗೆ ಒಬ್ಬ ಒಳ್ಳೆಯ ಅಪ್ಪ ಇರಲಿ ಎಂದು ಆಸೆಪಟ್ಟಿದ್ದಳು. ಅದನ್ನೀಗ ಜನ ಗಿಜಿಗುಟ್ಟುವ ಪ್ಲಾಟ್‌ಫಾರ್ಮಿನಲ್ಲಿ ಚಹಾದವನ ಕೂಗಿನ ನಡುವೆ ತನ್ನ ಕೈಯಾರೆ ಮುರಿದು ಹಾಕಿದಳು. ಬೇರೆ ದಾರಿ ಇರಲಿಲ್ಲ.

ಹುಡುಗ ಕಾಕಾನ ಕಡೆ ತಿರುಗಿ, “ಖರಂ ಕಾ, ಕಾಕಾ?” ಎಂದ. ನಿಜವೇ? ಕಾಕಾ ತಲೆ ತಗ್ಗಿಸಿದ. ಇಲ್ಲ ಎಂದು ಒಂದು ಸುಳ್ಳು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ. ಗಾಡಿ ಬಂತು. ಕಾಕಾ ಒಬ್ಬನೇ ಹತ್ತಿದ. ಗಾಡಿ ಹೊರಡುವಾಗ ಹುಡುಗ ಕಿಟಕಿಯ ಹತ್ತಿರ ಹೋಗಿ ಟವೆಲ್ಲಿನಲ್ಲಿ ಸುತ್ತಿದ ಫೋಟೋವನ್ನು ಕಾಕಾನ ಕೈಗೆ ಕೊಟ್ಟುಬಿಟ್ಟ. ನಾವು ಮೂವರೂ ಒಂದೇ ಲೋಕಲ್‌ನಲ್ಲಿ ಡೊಂಬಿವಲಿಗೆ ಮರಳಿದೆವು, ಅವನು ಬೇರೆ ಡಬ್ಬಿಯಲ್ಲಿ ಕೂತು ಬಂದ. ಅವಳು ಗೆದ್ದಳು ಎಂದು ನನಗೆ ಆ ದಿನ ಅನಿಸಿತ್ತು, ನಿಜಕ್ಕೂ ಸಮಾಧಾನವಾಗಿತ್ತು.

ಆಮೇಲೆ ಹುಡುಗ ಸೀವುಡ್ಸ್ ಕಡೆ ಏಳುತ್ತಿದ್ದ ಹೊಸ ಕಟ್ಟಡಗಳ ಸೈಟಿನಲ್ಲಿ ಕೆಲಸಕ್ಕೆ ಸೇರಿದ. ಕುಡಿತವಿಲ್ಲ, ಕೆಟ್ಟ ಸಹವಾಸವಿಲ್ಲ, ಸಂಬಳ ತಪ್ಪದೆ ಮನೆಗೆ ತರುತ್ತಿದ್ದ. ಆದರೆ ತಾಯಿಯ ಜೊತೆ ಮಾತು ಬಿಟ್ಟ. ಅವಳು ಮಾಡಿದ್ದನ್ನು ಉಣ್ಣುತ್ತಿದ್ದ, ಅವಳು ಒಗೆದದ್ದನ್ನು ಉಡುತ್ತಿದ್ದ, ಮಾತು ಮಾತ್ರ ಇಲ್ಲ. ಏನಾದರೂ ಬೇಕಾದರೆ ಪಾಳಣಾಘರದ ಯಾವುದೋ ಮೂರು ವರ್ಷದ ಕೂಸಿಗೆ, ಅವಳಿಗೆ ನೀರು ಕೊಡಲು ಹೇಳು ಎನ್ನುತ್ತಿದ್ದ. ಆ ಕೂಸು ಎರಡು ಹೆಜ್ಜೆ ನಡೆದು ಅವಳಿಗೆ ಹೇಳುತ್ತಿತ್ತು. ಅವಳು ಮಾತ್ರ ಅವನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದಳು: ಬಸ್ಸು ಸಿಕ್ತೇನು, ಬಿಸಿಲು ಭಾಳ ಇತ್ತೇನು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಒಮ್ಮೆ ಮೆಟ್ಟಿಲ ಹತ್ತಿರ ನಾನು ಅವನನ್ನು ಹಿಡಿದು ನಿಲ್ಲಿಸಿ ಚೆನ್ನಾಗಿ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ನಮಸ್ಕಾರ ಮಾಡಿ ಹೋದ.

ಘೋಡಬಂದರ್ ರಸ್ತೆಯಲ್ಲಿ ನಮಗೆ ಮನೆಯಾಗಿ ಡೊಂಬಿವಲಿ ಬಿಡುವ ಮುನ್ನ ಅವಳ ಜೊತೆ ಅರ್ಧ ದಿನ ಕುಳಿತಿದ್ದೆ. ಸೊರಗಿದ್ದಳು. ಇನ್ನೂ ಪ್ರಾಯ, ಸಿಟ್ಟು ಇಳಿಯುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವಳು ಮಲಗಿದ್ದ ಮಗುವಿಗೆ ಕೌದಿ ಸರಿಪಡಿಸುತ್ತ ಹೇಳಿದಳು: “ಇಳೀದಿದ್ರೂ ನಡೀತೈತ್ರಿ. ಸಿಟ್ಟು ಎಲ್ಲೆರ ಒಂದು ಕಡೆ ಕುಂದರಬೇಕಲ್ಲ. ನನ್ನ ಮ್ಯಾಲ ಕುಂತೈತಿ, ಕುಂದರ್ಲಿ. ಇನ್ನೊಬ್ಬಾಕಿ ಮಗನ ಮ್ಯಾಲ ಕುಂದ್ರೂದು ಬ್ಯಾಡ.”

ಅವಳು ಹೋದದ್ದು ಮಧ್ಯಾಹ್ನದ ಹೊತ್ತು, ಮಕ್ಕಳ ನಡುವೆ, ಗೋಡೆಗೆ ಒರಗಿ ಕುಳಿತಲ್ಲೇ. ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರಂತೆ. ಅವ್ವ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡು ಮಕ್ಕಳು ತಮ್ಮ ಕೌದಿಗಳನ್ನೆಲ್ಲ ತಂದು ಅವಳಿಗೆ ಹೊದಿಸಿ, ಗದ್ದಲ ಮಾಡದೆ ಆಡುತ್ತಿದ್ದವಂತೆ. ಇದನ್ನು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ದಿವಸದ ಊಟಕ್ಕೆ ಹೋದೆ. ಊರಿಂದ ಯಾರೂ ಬಂದಿರಲಿಲ್ಲ. ಪಂಕ್ತಿಯಲ್ಲಿ ಇದ್ದವರೆಲ್ಲ ಅವಳ ಕೈಯಲ್ಲಿ ಬೆಳೆದ ಮಕ್ಕಳು, ಅವರ ತಾಯಂದಿರು. ಮಗನೇ ಬಡಿಸುತ್ತಿದ್ದ. ನನ್ನ ಎಲೆಯ ಮುಂದೆ ಬಂದವನು ಸಾರಿನ ಸೌಟನ್ನು ಹಿಡಿದು ಹಾಗೆಯೇ ನಿಂತ. ಅವನ ಬಾಯಲ್ಲಿ ಅಷ್ಟೊಂದು ಕನ್ನಡ ನಾನು ಕೇಳಿದ್ದು ಅದೇ ಮೊದಲು.

“ನನಗ ಅಪ್ಪ ಅಂದ್ರ ಆ ಫೋಟೋ ಅಷ್ಟ ಇತ್ತು ಕಾಕು. ಆ ದಿವಸ ಕಲ್ಯಾಣದಾಗ ಆಕಿ ಅವನ್ನೂ ಕೊಂದ್ಳು. ಅಪ್ಪನ್ನ ಕೊಂದವರನ್ನ ಬಿಡಬಾರದು ಅಂತ ಎಲ್ಲಾರೂ ಹೇಳ್ತಿದ್ರಲ್ಲ. ನಾ ಬಿಡಲಿಲ್ಲ. ದೋನ್ ವರ್ಷ ಒಂದು ಮಾತು ಆಡಲಿಲ್ಲ.” ಸೌಟನ್ನು ಬಕೆಟ್ಟಿಗೆ ಇಳಿಸಿದ. ಆಮೇಲೆ ಕೇಳಿದ, “ಅದು ನನ್ನ ಸೂಡ್ ಅಂತ ಆಕಿಗೆ ಗೊತ್ತಿತ್ತಾ?”

ಸುಳ್ಳು ಹೇಳುವುದು ಸುಲಭವಿತ್ತು. ಆ ಮನೆಯಲ್ಲಿ ಕುಳಿತು ಅವನಿಗೆ ಮತ್ತೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

“ಗೊತ್ತಿತ್ತು,” ಎಂದೆ. “ಅಷ್ಟರಲ್ಲೇ ಮುಗಿಯಲಿ ಅಂತ ಸುಮ್ಮನಿದ್ದಳು.”

ಅವನು ಸಾರಿನ ಬಕೆಟ್ಟನ್ನು ಕೆಳಗಿಟ್ಟ. ಮುಂದಿನ ಎಲೆಯವರು ಅನ್ನ ಕಲಸಲು ಕಾಯುತ್ತಿದ್ದರು. ಅವನು ಎರಡು ಪಂಕ್ತಿಗಳ ನಡುವೆ, ನನ್ನ ಎದುರು, ನೆಲದ ಮೇಲೆ ಕುಳಿತುಬಿಟ್ಟ.